ಕೆಂಪು ಕಿವಿಯ ನಮೂನಿ ಚಾಚಾ

ಚಾಚಾರ ಬಲಗಿವಿ ಎಡಗಿವಿಗಿಂತ ಕೆಂಪಗಿತ್ತು. ಅದು ಹುಟ್ಟಿನಿಂದ ಬಂದದ್ದಲ್ಲ, ಕಸುಬಿನಿಂದ ಬಂದದ್ದು. ಐವತ್ತು ವರ್ಷ ಒಣಮೆಣಸಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದರು, ಒಳಗಿನ ಬೀಜದ ಸಪ್ಪಳ ಕೇಳಿದ್ದರು, ಯೋಚನೆ ಮಾಡುತ್ತ ಅದೇ ಬೆರಳಿನಿಂದ ಕಿವಿಯ ಹಾಲೆ ತಿಕ್ಕಿಕೊಂಡಿದ್ದರು. ಕೊನೆಗೆ ಆ ಕಿವಿಗೆ ಬಣ್ಣ ಕೂತೇಬಿಟ್ಟಿತ್ತು. ಉರಿಯುವುದಿಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ. ಮೊದಲ ಹತ್ತು ವರ್ಷ ಉರಿಯಿತು, ಆಮೇಲೆ ಕಿವಿಗೇ ಬೇಸರ ಬಂತು ಅಂದಿದ್ದರು.

ಗದಗದಲ್ಲಿ ನಮ್ಮ ಮಾವನವರದು ಮೆಣಸಿನಕಾಯಿ ಅಂಗಡಿ. ಮಾವ ಹೋದ ಮೇಲೆ ನಾನು ಹಟ ಹಿಡಿದು ಅದನ್ನು ಮುಂಡರಗಿ ರಸ್ತೆಯ ದೊಡ್ಡ ಗೋದಾಮಿಗೆ ಒಯ್ದೆ. ಬ್ಯಾಡಗಿ ಕಾಯಿಯನ್ನು ತೊಟ್ಟು ಬಿಡಿಸಿ ಹೊರದೇಶಕ್ಕೆ ಕಳಿಸುವ ಕೆಲಸ ಶುರು ಮಾಡಿದೆ. ತೊಟ್ಟು ಬಿಡಿಸಲು ಶಿಗ್ಲಿಯಿಂದ ನಲವತ್ತು ಹೆಣ್ಣುಮಕ್ಕಳು ಬರುತ್ತಿದ್ದರು. ಅಂಗಡಿಯಿಂದ ಗೋದಾಮಿಗೆ ಸಾಮಾನಿನ ಜೊತೆ ಬಂದವರು ಚಾಚಾ. ಲಕ್ಷ್ಮೇಶ್ವರದವರು, ಮಾವನ ಕಾಲದಿಂದ ಮಾಲು ನೋಡುವವರು. ಮುಂಜಾನೆ ಮೊದಲ ಬಸ್ಸಿಗೆ ಬಂದು ಗೋದಾಮಿನ ಬಾಗಿಲಲ್ಲಿ ತಮ್ಮ ಮಣೆ ಹಾಕಿಕೊಂಡು ಕೂತರೆಂದರೆ, ಅವರ ಕಿವಿ ದಾಟದೆ ಒಂದು ಚೀಲ ಒಳಗೆ ಹೋಗುವಂತಿರಲಿಲ್ಲ. ಹಮ್ಮಿಗಿಯ ರೈತನೊಬ್ಬ ಗಾಡಿ ತುಂಬ ಕಾಯಿ ತಂದಾಗ ಒಂದನ್ನು ಅಲ್ಲಾಡಿಸಿ, "ಹೊಳಿಸಾಲಿನ ಗಾಳಿ ಕುಡದೈತಿ, ಇನ್ನ ಎರಡ ಬಿಸಲು ಬೇಕು" ಅಂದು ಗಾಡಿ ತಿರುಗಿಸಿದ್ದರು. ರೈತ ಬೈಯುತ್ತ ಹೋದ, ಎರಡು ಬಿಸಿಲು ಕಾಯಿಸಿಕೊಂಡು ಬಂದ, ಚಾಚಾರ ಪಕ್ಕದಲ್ಲೇ ಕೂತು ಚಹಾ ಕುಡಿದ.

ಇನ್ನೊಂದು ಮಾತು ಹೇಳಿದರೆ ನೀವು ನಂಬುವುದಿಲ್ಲ. ಈ ಮನುಷ್ಯ ಖಾರ ತಿನ್ನುತ್ತಿರಲಿಲ್ಲ. ಬುತ್ತಿಯಲ್ಲಿ ಜೋಳದ ರೊಟ್ಟಿ, ಮೊಸರು, ಒಂದು ಹಿಡಿ ಶೇಂಗಾ, ಮುಗಿಯಿತು. ಶಿಗ್ಲಿಯ ಹೆಣ್ಣುಮಕ್ಕಳು ಕೆಂಪು ಚಟ್ನಿ ಮುಂದೆ ಹಿಡಿದು ದಿನಾ ಕಾಡುತ್ತಿದ್ದರು. ಕಾಯಿಯ ಮಾತು ಕೇಳುವವನು ಅದನ್ನು ತಿನ್ನಬಾರದು, ತಿಂದರೆ ಮುಂದೆ ಅದು ಖರೆ ಹೇಳುವುದಿಲ್ಲ ಅಂತ ಚಾಚಾ ಗಂಭೀರವಾಗಿ ಹೇಳುತ್ತಿದ್ದರು. ಖಾರ ತಿಂದರೆ ಅವರಿಗೆ ಬಿಕ್ಕಳಿಕೆ ಬರುತ್ತಿತ್ತು, ಅಷ್ಟೇ ಸಂಗತಿ.

ಅವರನ್ನು ಎಲ್ಲರೂ ನಮೂನಿ ಚಾಚಾ ಅನ್ನುತ್ತಿದ್ದದ್ದಕ್ಕೆ ಕಾರಣ ಅವರ ಜೋಡು ನಮೂನಿ. ಸಾಮಾನ್ಯವಾಗಿ ಮಾಲಿನ ನಮೂನಿಯನ್ನು, ಅಂದರೆ ಮಾದರಿಯನ್ನು, ಒಂದು ಚೀಲದಲ್ಲಿ ಹಾಕಿ ಕೊಳ್ಳುವವರಿಗೆ ಕೊಟ್ಟರೆ ವ್ಯವಹಾರ ಮುಗಿಯಿತು. ಚಾಚಾ ಹಾಗೆ ಬಿಡುವವರಲ್ಲ. ಬಿಳಿ ಖಾದಿಯ ಒಂದು ತುಂಡು ಬಟ್ಟೆ ಹಾಸಿ, ಕೊಳ್ಳುವವರಿಂದ ಅದರ ನಟ್ಟನಡುವೆ ಅಗಲವಾಗಿ ಸಹಿ ಮಾಡಿಸುತ್ತಿದ್ದರು. ಆಮೇಲೆ ಕತ್ತರಿ ತೆಗೆದುಕೊಂಡು ಆ ಸಹಿಯ ಮೇಲೇ ಸೊಟ್ಟಸೊಟ್ಟಗೆ ಕತ್ತರಿಸಿ ಎರಡು ತುಂಡು ಮಾಡಿ, ಒಂದೇ ರಾಶಿಯ ಕಾಯಿಯನ್ನು ಎರಡರಲ್ಲೂ ಗಂಟು ಕಟ್ಟುತ್ತಿದ್ದರು. ಒಂದು ಗಂಟು ಅವರಿಗೆ, ಇನ್ನೊಂದು ನಮ್ಮ ಗೋದಾಮಿನ ಕತ್ತಲೆ ಮೂಲೆಯಲ್ಲಿದ್ದ ತಗಡಿನ ಟ್ರಂಕಿಗೆ. ತಕರಾರು ಬಂದರೆ ಎರಡೂ ಬಟ್ಟೆ ಕೂಡಿಸಬೇಕು, ಸಹಿ ಕೂಡಿದರೆ ಮಾಲು ಅದೇ. ಇದು ಅವರ ಅಜ್ಜನ ಕಾಲದ ಪದ್ಧತಿಯಂತೆ.

ನಮ್ಮ ಮಾಲು ಕೊಳ್ಳುತ್ತಿದ್ದ ದೇಶದ ಹೆಸರು ಬರೆಯುವುದಿಲ್ಲ, ಈಗಲೂ ಅವರೊಡನೆ ವ್ಯಾಪಾರ ಇದೆ. ಆ ದೇಶದವರದು ಮುಂಬೈಯಲ್ಲೊಂದು ಕಚೇರಿ. ಅಲ್ಲಿಯ ವ್ಯಾಪಾರ ವಿಭಾಗದ ಅಧಿಕಾರಿ ವರ್ಷಕ್ಕೊಮ್ಮೆ ಬಂದು ಮಾಲು ನೋಡಿ, ಮಾದರಿ ಒಪ್ಪಿ ಹೋಗುತ್ತಿದ್ದ. ದೊಡ್ಡ ಮೀಸೆಯ, ನಗುಮುಖದ ಮನುಷ್ಯ. ಮೊದಲ ಸಲ ಬಂದಾಗ ಚಾಚಾ ಅವನ ಮುಂದೆಯೂ ಖಾದಿ ಬಟ್ಟೆ ಹಾಸಿ ಪೆನ್ನು ಹಿಡಿದರು. ನನಗೋ ನಾಚಿಕೆಯಿಂದ ಮೈ ಹಿಡಿಯಾಯಿತು. ಒಂದು ದೇಶದ ಪ್ರತಿನಿಧಿಯಿಂದ ಬಟ್ಟೆಯ ಮೇಲೆ ಸಹಿ ಮಾಡಿಸುತ್ತಾರೆಯೇ ಎಂದು ಪಿಸುಗುಟ್ಟಿದೆ. ಚಾಚಾ ಬಟ್ಟೆಯ ಸುಕ್ಕು ತೆಗೆಯುತ್ತಲೇ ಅಂದರು.

"ನೋಡವಾ, ಸಾಹೇಬ ಇವತ್ತ ಅದಾನ, ನಾಳಿ ಹೊಕ್ಕಾನ. ಅವನ ನೆನಪೂ ಅವನ ಸಂಗಾಟ ಹೊಕ್ಕೈತಿ. ಮಾಲು ಮಾತ್ರ ಇಲ್ಲೇ ಇರತೈತಿ. ಅದಕ್ಕ ಸಾಕ್ಷಿ ಬ್ಯಾಡೇನು?"

ಅಧಿಕಾರಿ ನಗುತ್ತಲೇ ಸಹಿ ಮಾಡಿದ. ಪ್ರತಿ ವರ್ಷ ಮಾಡಿದ.

ಆಮೇಲೆ ಆ ದೇಶದಲ್ಲಿ ಸರಕಾರ ಬದಲಾಯಿತು. ಹೊಸ ಸರಕಾರ ಬಂದದ್ದೇ ನಮ್ಮ ದೇಶದೊಡನೆ ಸುಂಕದ ಜಗಳ ಎಬ್ಬಿಸಿತು. ಅವರು ನಮ್ಮ ಮಾಲಿನ ಮೇಲೆ ಏರಿಸಿದರು, ನಮ್ಮವರು ಅವರದರ ಮೇಲೆ ಏರಿಸಿದರು. ಎರಡು ಕೋಣ ಕಾದಾಡಿದರೆ ಗಿಡಕ್ಕೆ ಕುತ್ತು ಅಂತಾರಲ್ಲ, ಮುಂಡರಗಿ ರಸ್ತೆಯ ಆ ಗಿಡ ನಾನೇ. ಮುಂಜಾನೆ ರೇಡಿಯೋ ಸುದ್ದಿ ಕೇಳಿ ಬಂದ ಚಾಚಾ ಮಣೆಯ ಮೇಲೆ ಕೂಡುವ ಮೊದಲೇ, ನಮ್ಮ ಮೀಸಿ ಸಾಹೇಬರನ್ನೂ ಎತ್ತಂಗಡಿ ಮಾಡುತ್ತಾರೇನು ಎಂದು ಕೇಳಿದರು. ರಾಯಭಾರ ಕಚೇರಿಯವರಿಗೆ ಎತ್ತಂಗಡಿ ಎಲ್ಲಿಯದು, ಅವರೇನು ತಹಶೀಲ್ದಾರರೇ ಎಂದು ನಾನು ನಕ್ಕೆ. ಹದಿನೈದು ದಿನದಲ್ಲಿ ಮೀಸೆ ಸಾಹೇಬರು ಹೋದರು. ಅವರ ಮೇಲಿನವರೂ ಹೋದರು, ಕೆಳಗಿನವರೂ ಹೋದರು. ಕಚೇರಿಗೆ ಫೋನು ಮಾಡಿದರೆ ಗುರುತಿನ ಒಂದು ದನಿ ಇಲ್ಲ.

ಅದೇ ಹೊತ್ತಿಗೆ ನಮ್ಮ ಕಂಟೇನರ್ ಅವರ ಬಂದರಿನಲ್ಲಿ ನಿಂತಿತು. ಬಂದರಿನವರು ಒಪ್ಪಿದ ಮಾದರಿ ತೋರಿಸಿ ಎಂದು ಮುಂಬೈ ಕಚೇರಿಯನ್ನು ಕೇಳಿದರು. ಹೊಸದಾಗಿ ಬಂದ ಅಧಿಕಾರಿ, ಮೂವತ್ತು ದಾಟಿದ ಹೆಣ್ಣುಮಗಳು, ಹಳಬರು ಬಿಟ್ಟುಹೋದ ಗಂಟು ಬಿಚ್ಚಿ ನೋಡಿದರೆ ಒಳಗೆ ಕಂದುಬಣ್ಣದ ಕಾಯಿ. ಕಂಟೇನರಿನಲ್ಲಿದ್ದದ್ದು ಕೆಂಡದಂಥ ಕೆಂಪು. ಇದಕ್ಕೆ ಬಣ್ಣ ಬೆರೆಸಿದ್ದಾರೆ ಎಂದು ಬರೆದರು. ನಾನು ಇಲ್ಲಿಯ ಪ್ರಯೋಗಾಲಯದ ವರದಿ ಕಳಿಸಿದೆ. ನಿಮ್ಮ ದೇಶದ ವರದಿಯನ್ನು ಈಗ ನಂಬಲಾಗುವುದಿಲ್ಲ ಎಂದರು. ತಿಂಗಳೊಳಗೆ ಸಮಜಾಯಿಷಿ ಕೊಡದಿದ್ದರೆ ಮಾಲನ್ನು ಅಲ್ಲೇ ಸುಡುತ್ತೇವೆ, ಕಲಬೆರಕೆ ಮಾಡುವವರ ಪಟ್ಟಿಗೆ ನಿಮ್ಮ ಹೆಸರು ಸೇರಿಸುತ್ತೇವೆ ಎಂದು ಕೊನೆಯ ಪತ್ರ ಬಂತು. ಆ ಪಟ್ಟಿಗೆ ಒಮ್ಮೆ ಹೆಸರು ಹತ್ತಿದರೆ ಯಾವ ದೇಶವೂ ನಮ್ಮ ಕಾಯಿ ಮುಟ್ಟುವುದಿಲ್ಲ. ಗೋದಾಮಿಗೆ ಬೀಗ, ಶಿಗ್ಲಿಯ ನಲವತ್ತು ಮನೆಯವರು ಬೇರೆ ಕೆಲಸ ಹುಡುಕಬೇಕು.

ಇಲ್ಲಿ ನನ್ನ ಬುದ್ಧಿವಂತಿಕೆಯನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ಹೊಸ ಸಾಹೇಬರು ಬಂದರೆ ಏನು ಮಾಡುತ್ತೇವೆ? ಶಿರಹಟ್ಟಿಗೆ ತಹಶೀಲ್ದಾರರು ಬರಲಿ, ಬೆಟಗೇರಿಗೆ ಫೌಜದಾರರು ಬರಲಿ, ಶಾಲು, ಹಾರ, ಪೇಢೆ ಹಿಡಿದುಕೊಂಡು ಸಾಲಾಗಿ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತೇವೆ. ನಾನೂ ಅದನ್ನೇ ಮಾಡಿದೆ. ರೇಷ್ಮೆ ಅಂಚಿನ ಶಾಲು, ಗಂಧದ ಹಾರ, ಎರಡು ಕಿಲೋ ಪೇಢೆ, ಮೇಲೊಂದು ಅಭಿನಂದನಾ ಪತ್ರ, ಎಲ್ಲ ಕಟ್ಟಿ ಮುಂಬೈಗೆ ಕಳಿಸಿದೆ. ಹೊಸ ಸಾಹೇಬರ ಮುಂದೆ ಮೊದಲ ಸಲ ಬರಿಗೈಲಿ ನಿಲ್ಲಬೇಕು ಎಂದು ಚಾಚಾ ಎರಡು ಸಲ ಹೇಳಿದ್ದರು. ಯಾರು ಕೇಳಬೇಕು? ವಾರದಲ್ಲಿ ಪೆಟ್ಟಿಗೆ ಬಿಚ್ಚದೆ ವಾಪಸು ಬಂತು. ತನಿಖೆ ನಡೆದಿರುವಾಗ ಉಡುಗೊರೆ ಕಳಿಸಿದ್ದನ್ನು ದಾಖಲಿಸಿಕೊಳ್ಳಲಾಗಿದೆ, ಇನ್ನು ನಿಮ್ಮ ಫೋನು ಸ್ವೀಕರಿಸುವುದಿಲ್ಲ ಎಂದು ಮೂರೇ ಸಾಲು. ಕಲಬೆರಕೆಯವಳಾಗಿದ್ದೆ, ಈಗ ಲಂಚ ಕೊಡುವವಳೂ ಆದೆ. ಕೂತು ಅತ್ತೆ.

ಚಾಚಾ ಬೈಯಲಿಲ್ಲ. ಪೇಢೆಯ ಡಬ್ಬಿ ಬಿಚ್ಚಿ ಹೆಣ್ಣುಮಕ್ಕಳಿಗೆ ಹಂಚಿದರು, ತಾವೂ ಎರಡು ತಿಂದರು. ಆಮೇಲೆ ನನ್ನ ಕೈಗೆ ಪೆನ್ನು ಕೊಟ್ಟು, ಹೊಗಳಿಕೆ ಒಂದಕ್ಷರ ಇಲ್ಲದ ಕಾಗದ ಬರೆಸಿದರು. ಶಾಲು ಕಳಿಸುವುದು ನಮ್ಮ ಕಡೆಯ ರೂಢಿ, ನಿಮ್ಮ ಕಡೆ ಅದು ತಪ್ಪು ಎಂದು ತಿಳಿಯಲಿಲ್ಲ, ಕ್ಷಮಿಸಿ. ನಿಮ್ಮಲ್ಲಿ ಇರುವುದು ಅರ್ಧ ನಮೂನಿ. ಉಳಿದರ್ಧ ನಮ್ಮ ಟ್ರಂಕಿನಲ್ಲಿದೆ. ಎರಡೂ ಕೂಡಿಸಿ ನೋಡಿ, ಆಮೇಲೆ ಬೇಕಾದರೆ ಸುಡಿ. ನಾನು ಅದನ್ನು ಇಂಗ್ಲಿಷಿಗೆ ಮಾಡಿ ಕಳಿಸಿದೆ. ಐದನೆಯ ದಿನ ಉತ್ತರ ಬಂತು: ಹದಿನೈದು ನಿಮಿಷ ಕೊಡುತ್ತೇನೆ, ಬನ್ನಿ.

ಮುಂಬೈಯ ಆ ಕಚೇರಿಗೆ ಚಾಚಾ ಇಸ್ತ್ರಿ ಮಾಡಿದ ಜುಬ್ಬಾ, ಬಿಳಿ ಟೋಪಿ ಹಾಕಿಕೊಂಡು ಬಂದರು. ಕಿಸೆಯಲ್ಲಿ ಗಂಟು, ಕೈ ಬರಿದು. ಅಧಿಕಾರಿ ನಗಲಿಲ್ಲ. ತಮ್ಮ ಗಂಟನ್ನು ಮೇಜಿನ ಮೇಲಿಟ್ಟು ಗಡಿಯಾರ ನೋಡಿದರು. ಇದನ್ನು ಎಲ್ಲಿ ಇಟ್ಟಿದ್ದಿರಿ ಎಂದು ಕೇಳುವಂತೆ ಚಾಚಾ ನನಗೆ ಹೇಳಿದರು. ಆಕೆ ಕಿಟಕಿ ತೋರಿಸಿದರು. ಪಶ್ಚಿಮದ ಕಿಟಕಿ, ಗಾಜು ದಾಟಿ ಬಿಸಿಲು ಧಗಧಗ ಬೀಳುತ್ತಿತ್ತು. ಹಳಬರು ಹೊರಡುವ ಗಡಿಬಿಡಿಯಲ್ಲಿ ಅದನ್ನು ಅಲ್ಲೇ ಬಿಟ್ಟು ಹೋಗಿದ್ದರು.

"ಅಷ್ಟ ದಿನ ಅಲ್ಲಿ ಕುಂಡ್ರಿಸಿದ್ರ ನಾನೂ ಕರ್ರಗ ಆಗತಿದ್ದೆ, ಅಕ್ಕಾರ" ಅಂದರು ಚಾಚಾ. ನಾನು ಹೆದರುತ್ತಲೇ ಅನುವಾದ ಮಾಡಿದೆ.

ಆಮೇಲೆ ಅವರು ತಮ್ಮ ಗಂಟು ಬಿಚ್ಚಿದರು. ಕತ್ತಲೆಯಲ್ಲಿದ್ದ ಕಾಯಿ ಕೆಂಪಗೆ ಹೊಳೆಯಿತು. ಎರಡೂ ಬಟ್ಟೆಗಳನ್ನು ಮೇಜಿನ ಮೇಲೆ ಹಾಸಿ, ಸೊಟ್ಟ ಅಂಚಿಗೆ ಸೊಟ್ಟ ಅಂಚು ತಂದು, ಅಂಗೈಯಿಂದ ಮೆಲ್ಲಗೆ ಸವರಿದರು. ಮೀಸೆ ಸಾಹೇಬರ ಸಹಿ ಒಂದು ಎಳೆ ಹೆಚ್ಚಿಲ್ಲದೆ, ಒಂದು ಎಳೆ ಕಡಿಮೆಯಿಲ್ಲದೆ ಕೂಡಿಕೊಂಡಿತು. ಆಕೆ ಕಪಾಟಿನಿಂದ ಹಳೆಯ ಫೈಲು ತೆಗೆದು ಅದೇ ಸಹಿಯನ್ನು ಪಕ್ಕಕ್ಕಿಟ್ಟು ನೋಡಿದರು. ಮತ್ತೆ ಗಡಿಯಾರ ನೋಡಲಿಲ್ಲ.

ಚಾಚಾ ಅಲ್ಲಿಗೆ ನಿಲ್ಲಿಸಬೇಕೋ ಬೇಡವೋ? ಎರಡು ಗಂಟಿನಿಂದ ಒಂದೊಂದು ಕಾಯಿ ಎತ್ತಿ ಆಕೆಯ ಕೈಗೆ ಕೊಟ್ಟು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸುವಂತೆ ಸನ್ನೆ ಮಾಡಿದರು. ಆಕೆ ಅಲ್ಲಾಡಿಸಿದರು. ಕಂದು ಕಾಯಿ, ಕೆಂಪು ಕಾಯಿ, ಎರಡರಲ್ಲೂ ಒಂದೇ ಸಪ್ಪಳ.

"ಬಣ್ಣ ಬಿಸಲಿಗೆ ಹೋಗತೈತಿ. ದನಿ ಹೋಗಂಗಿಲ್ಲ. ಒಂದ ಹೊಲದ ಮಕ್ಕಳಿವು."

ಇನ್ನೇನು ಗೆದ್ದೆವು ಅನ್ನುವಷ್ಟರಲ್ಲಿ ಆಕೆ ಯೋಚಿಸುತ್ತ ಅದೇ ಬೆರಳಿನಿಂದ ಕಿವಿ ತಿಕ್ಕಿಕೊಂಡುಬಿಟ್ಟರು. ಅರ್ಧ ನಿಮಿಷದಲ್ಲಿ ಕಿವಿ ಕೆಂಪಾಗಿ ಕಣ್ಣಲ್ಲಿ ನೀರು ಬಂತು. ಕಲಬೆರಕೆ, ಲಂಚ, ಈಗ ವಿದೇಶಿ ಅಧಿಕಾರಿಯ ಮೇಲೆ ಹಲ್ಲೆ! ಚಾಚಾ ಮಾತ್ರ ಮುಖ ಪಕ್ಕಕ್ಕೆ ತಿರುಗಿಸಿ ತಮ್ಮ ಬಲಗಿವಿ ತೋರಿಸಿದರು. ಆಕೆ ಆ ಕಿವಿ ನೋಡಿದರು, ನನ್ನ ಹೆದರಿದ ಮುಖ ನೋಡಿದರು, ಕಣ್ಣೊರೆಸಿಕೊಳ್ಳುತ್ತ ನಗಲು ಶುರು ಮಾಡಿದರು. ಹದಿನೈದು ನಿಮಿಷದ ಭೇಟಿ ಎರಡು ತಾಸಾಯಿತು. ಕೂಡಿದ ಬಟ್ಟೆಯ ಫೋಟೋ ನಮ್ಮ ಕಣ್ಣೆದುರಿಗೇ ಬಂದರಿಗೆ ಹೋಯಿತು. ಮಾಲನ್ನು ಅಲ್ಲಿಯೇ ಮತ್ತೆ ಪರೀಕ್ಷೆ ಮಾಡಿಸಿ ಎಂದೂ ಆಕೆಯೇ ಬರೆದರು.

ಎಂಟು ದಿನಕ್ಕೆ ಪರೀಕ್ಷೆ ಮುಗಿದು ಪತ್ರ ಬಂತು. ಬಣ್ಣ ಬೆರೆಸಿಲ್ಲ, ಮಾಲು ಶುದ್ಧ, ಕಂಟೇನರ್ ಬಿಟ್ಟಿದ್ದೇವೆ. ನಾನು ಅದನ್ನು ಗೋದಾಮಿನ ನಡುವೆ ನಿಂತು ಗಟ್ಟಿಯಾಗಿ ಓದಿದೆ. ಶಿಗ್ಲಿಯ ಹೆಣ್ಣುಮಕ್ಕಳು ಮೊರ ಬಡಿದರು, ಒಬ್ಬಾಕೆ ಸೊಂಟಕ್ಕೆ ಸೆರಗು ಸಿಗಿಸಿ ಕುಣಿದೇ ಕುಣಿದಳು. ಮುಂಬೈಯಿಂದ ವಾಪಸು ಬಂದಿದ್ದ ರೇಷ್ಮೆ ಅಂಚಿನ ಶಾಲು ಅಲ್ಲೇ ಕಪಾಟಿನಲ್ಲಿತ್ತು. ತಂದು ಚಾಚಾರಿಗೆ ಹೊದಿಸಿದೆವು, ಗಂಧದ ಹಾರ ಹಾಕಿದೆವು, ಫೋಟೋ ತೆಗೆದೆವು. ಎರಡು ದೇಶದ ಸರಕಾರಗಳು ಇನ್ನೂ ಗುದ್ದಾಡುತ್ತಲೇ ಇದ್ದವು, ನಮ್ಮ ಕಾಯಿ ಮಾತ್ರ ಆ ದೇಶದ ಅಡಿಗೆಮನೆಗಳ ದಾರಿ ಹಿಡಿದಿತ್ತು. ಅಂಥ ಸಂತೋಷವನ್ನು ನಾನು ನನ್ನ ಮದುವೆಯಲ್ಲೂ ಪಟ್ಟಿರಲಿಲ್ಲ. ಚಾಚಾ ಶಾಲನ್ನು ನಾಲ್ಕು ಮಡಿಕೆ ಮಾಡಿ ಮಣೆಯ ಮೇಲೆ ಹಾಸಿಕೊಂಡು ಕೂತು, ಮುಂದಿನ ಚೀಲ ಬಿಚ್ಚಿರಿ ಅಂದರು.

ಚಾಚಾ ಹೋಗಿ ಈಗ ಒಂದು ವರ್ಷದ ಮೇಲಾಯಿತು. ಹಿಂದಿನ ದಿನ ಸಂಜೆಯವರೆಗೂ ಕೆಲಸ ಮಾಡಿ ಬಸ್ಸು ಹತ್ತಿದ್ದರು, ಮುಂಜಾನೆ ಮೊದಲ ಬಸ್ಸಿಗೆ ಬರಲಿಲ್ಲ. ನಾವೆಲ್ಲ ಲಕ್ಷ್ಮೇಶ್ವರಕ್ಕೆ ಹೋದೆವು. ಶಿಗ್ಲಿಯ ಹೆಣ್ಣುಮಕ್ಕಳು ಅವರ ಮನೆಯ ಬಾಗಿಲಲ್ಲಿ ಕೂತು ಅಪ್ಪ ಹೋದಂತೆ ಅತ್ತರು, ನಾನೂ ಅತ್ತೆ. ನನ್ನ ಗೋದಾಮು, ನನ್ನ ಹೆಸರು, ಎರಡೂ ಆ ಮನುಷ್ಯ ಉಳಿಸಿಕೊಟ್ಟದ್ದು. ಅವರ ಮಣೆಯನ್ನು ತೆಗೆಯಲು ನಾನು ಬಿಡಲಿಲ್ಲ, ಅದರ ಮೇಲೆ ಯಾರನ್ನೂ ಕೂಡಲೂ ಬಿಡಲಿಲ್ಲ.

ಈ ಸುಗ್ಗಿಗೆ ಮುಂಬೈಯಿಂದ ಮತ್ತೊಬ್ಬ ಅಧಿಕಾರಿ ಬಂದರು. ಆ ಹೆಣ್ಣುಮಗಳಿಗೂ ಎತ್ತಂಗಡಿಯಾಗಿತ್ತು. ಇವರು ಐವತ್ತರ ಆಚೆಯವರು, ಮಾತು ಕಡಿಮೆ. ನಾನು ಶಾಲು ತರಿಸಿರಲಿಲ್ಲ, ನೀರು ಕೊಟ್ಟು ಸುಮ್ಮನೆ ನಿಂತೆ. ಅವರು ನೇರ ರಾಶಿಯ ಹತ್ತಿರ ನಡೆದು, ಒಂದು ಕಾಯಿ ಎತ್ತಿ, ಬಲಗಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ತೊಟ್ಟು ಬಿಡಿಸುತ್ತಿದ್ದ ನಲವತ್ತು ಜೋಡಿ ಕೈ ಒಮ್ಮೆಗೇ ನಿಂತವು.

ಇದನ್ನು ಯಾರು ಕಲಿಸಿದರು ಎಂದು ಕೇಳಿದೆ. ಯಾರೂ ಅಲ್ಲ, ನನಗೆ ಒಪ್ಪಿಸಿಕೊಟ್ಟ ಫೈಲಿನಲ್ಲಿದೆ ಎಂದು ತೆಗೆದು ತೋರಿಸಿದರು. ಕೊನೆಯ ಹಾಳೆಯಲ್ಲಿ, ಹಿಂದಿನಾಕೆಯ ಕೈಬರಹದಲ್ಲಿ, ಮುಂದೆ ಬರುವವರಿಗೆಂದು ಮೂರು ಸಾಲು ಇದ್ದವು. ಗದಗದ ಮಾದರಿಯನ್ನು ಬಟ್ಟೆಯ ಮೇಲೆ ಸಹಿ ಮಾಡಿಯೇ ತನ್ನಿ, ಕತ್ತಲೆಯಲ್ಲಿಡಿ. ಕಾಯಿಯ ಬಣ್ಣ ನೋಡುವ ಮೊದಲು ದನಿ ಕೇಳಿ. ಕೈ ತೊಳೆಯದೆ ಕಿವಿ ಮುಟ್ಟಬೇಡಿ.

ನಾನು ಓದಿ ತಲೆ ಎತ್ತಿದೆ. ಸಾಹೇಬರು ಮೂರನೆಯ ಸಾಲನ್ನು ಮರೆತಿದ್ದರು. ಬಲಗಿವಿ ಆಗಲೇ ಕೆಂಪಗಾಗಿತ್ತು. ಅವರ ಕೈ ಹಿಡಿದು ಕರೆದುಕೊಂಡು ಹೋಗಿ ಚಾಚಾರ ಮಣೆಯ ಮೇಲೆ ಕೂಡಿಸಿ, ಕೊಬ್ಬರಿ ಎಣ್ಣೆ ತರಲು ಓಡಿದೆ.