ಡಬ್ಬಿಯೊಳಗಿನ ಹೆಬ್ಬೆಟ್ಟುಗಳು

ಆಯಿಯನ್ನು ಮಣ್ಣು ಮಾಡಿ ತಿಂಗಳು ಕಳೆದಿರಲಿಲ್ಲ. ಅವಳ ಹೆಬ್ಬೆಟ್ಟು ಎಲ್ಲೋ ಒಂದು ಯಂತ್ರದ ಮೇಲೆ ಒತ್ತಿತು.

ಸುದ್ದಿ ನನ್ನ ಇ-ಮೇಲ್‌ಗೆ ಬಂತು. ‘ನಿಮ್ಮ ಬೆರಳಚ್ಚಿನ ದೃಢೀಕರಣ ಯಶಸ್ವಿಯಾಗಿದೆ’ ಎಂಬ ಒಂದೇ ಸಾಲು, ಕೆಳಗೆ ಆಯಿಯ, ಅಂದರೆ ನನ್ನಪ್ಪನ ತಾಯಿಯ, ಹೆಸರು. ಕಲಬುರಗಿಯಲ್ಲಿ ಓದುತ್ತಿದ್ದಾಗ ಆಯಿಯ ಮತ್ತು ಅವ್ವನ ಗುರುತಿನ ಸಂಖ್ಯೆಗಳಿಗೆ ನನ್ನ ವಿಳಾಸವನ್ನೇ ಜೋಡಿಸಿದ್ದೆ, ಮನೆಯಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ ಎಂಬ ಕಾರಣಕ್ಕೆ. ಅವ್ವ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಓದಿ ಹೇಳಿದೆ. ಅವಳ ಕೈಯ ಮೊರ ನಿಂತಿತು.

“ಎಲ್ಲಿ ಹೋಗ್ಯಾಳಂತ ಬರದದ?”

“ಊರು ಬರದಿಲ್ಲ, ಯವ್ವಾ.”

“ಹಂಗಾದ್ರ ಕೈಯೊಂದೇ ಹೋಗೇದ,” ಎಂದಳು ಅವ್ವ, ಮತ್ತೆ ಕೇರತೊಡಗಿದಳು.

ಅದೇ ವಾರ ಆಯಿಯ ಹೆಸರಿನಲ್ಲೇ ಇನ್ನೊಂದು ಸಂದೇಶ ಬಂತು. ನಿಂಬರ್ಗಾದ ಆಚೆಗಿರುವ ನಮ್ಮಂಥ ಸಣ್ಣ ಊರಿನಲ್ಲಿ ಇಂಥ ಮಾತು ಮನೆಯೊಳಗೆ ನಿಲ್ಲುವುದಿಲ್ಲ. ಪಕ್ಕದ ಮನೆಯ ಕಾಕು ಗೋಡೆಯ ಮೇಲಿಂದಲೇ ಅವ್ವನನ್ನು ಛೇಡಿಸಿದಳು: “ನಿಮ್ಮತ್ತಿ ಬದುಕಿದ್ದಾಗ ಚೌಡಾಪುರ ದಾಟಿದಾಕಿ ಅಲ್ಲ. ಸತ್ತ ಮ್ಯಾಲ ತಿರಗಾಕತ್ತಾಳ ನೋಡ್ರಿ.” ನಕ್ಕವಳು ತಾನೇ ಬೇಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಡು ಮಧ್ಯಾಹ್ನ, ಬಿಸಿಲು ಸುಡುತ್ತಿತ್ತು. ಅವ್ವ ಮಾತ್ರ ಅಂದಿನಿಂದ ಆಯಿಯ ಹಾಸಿಗೆಯಿದ್ದ ಮೂಲೆಯಲ್ಲಿ ಒಂದು ತಂಬಿಗೆ ನೀರಿಡಲು ಶುರುಮಾಡಿದಳು. ಬೆಳಿಗ್ಗೆ ಆ ನೀರನ್ನು ತುಳಸಿಗೂ ಹಾಕುತ್ತಿರಲಿಲ್ಲ, ಬೀದಿಗೆ ಚೆಲ್ಲುತ್ತಿದ್ದಳು.

ನಾನು ದೆವ್ವವನ್ನು ನಂಬುವವಳಲ್ಲ. ದತ್ತಾಂಶ ಸೋರಿಕೆ, ನಕಲಿ ಗುರುತು ಎಂದು ತರಗತಿಯಲ್ಲಿ ಕಲಿತ ಪದಗಳನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡೆ. ಆ ಧೈರ್ಯ ಉಳಿದದ್ದು ಅವ್ವನ ಹೆಸರಿನಲ್ಲಿ ಸಂದೇಶ ಬರುವವರೆಗೆ ಮಾತ್ರ. ಹೊಲದ ಬದುವಿನಲ್ಲಿ ನಿಂತಿದ್ದೆ, ಅವ್ವ ನನ್ನ ಕಣ್ಣೆದುರಿಗೇ ತೊಗರಿ ಕಟ್ಟಿಗೆಯ ಹೊರೆ ಎತ್ತುತ್ತಿದ್ದಳು. ಎರಡೂ ಕೈ ತಲೆಯ ಮೇಲಿದ್ದವು. ಅದೇ ಹೊತ್ತಿಗೆ ಅವಳ ಹೆಬ್ಬೆಟ್ಟು ಬೇರೆಲ್ಲೋ ಒಂದು ಗಾಜಿನ ಮೇಲಿತ್ತು, ಮತ್ತು ಯಂತ್ರ ಅದನ್ನು ಅವಳೆಂದೇ ಒಪ್ಪಿಕೊಂಡಿತ್ತು. ಪಡಿತರ ಬೇಕಾದರೂ, ಕೂಲಿ ಬೇಕಾದರೂ, ಹೊಸ ಸಿಮ್ ಬೇಕಾದರೂ ಹೆಬ್ಬೆಟ್ಟೇ ಬೇಕು. ಆ ಬೆರಳು ಅಲ್ಲಿ ಏನು ಮಾಡಿದರೂ ಅದು ಅವ್ವ ಮಾಡಿದಂತೆ. ನಾಳೆ ಪೊಲೀಸರು ಕೇಳಿದರೆ ಉತ್ತರಿಸಬೇಕಾದವಳೂ ಅವ್ವನೇ.

ವಿಷಯ ಕೇಳಿ ಅವ್ವ ಹೊರೆ ಇಳಿಸಿದಳು. “ಡಬ್ಬಿ ತಗದಿರಬೇಕು,” ಎಂದಳು.

ಯಾವ ಡಬ್ಬಿ ಎಂದು ಕೇಳಿದಾಗ ತಿಳಿಯಿತು, ನಾನು ಓದಲು ಊರು ಬಿಟ್ಟ ಮೇಲೆ ಇಲ್ಲೊಂದು ಪದ್ಧತಿ ಬೆಳೆದಿತ್ತು. ತೊಗರಿ ಕೊಯ್ಲಿನಲ್ಲಿ ಹೆಂಗಸರ ಬೆರಳಿನ ಗೆರೆ ಸವೆದುಹೋಗುತ್ತದೆ. ಯಂತ್ರ ಓದುವುದಿಲ್ಲ, ದಿನದ ಕೂಲಿ ಬಿಟ್ಟು ಸಾಲಿನಲ್ಲಿ ನಿಂತವರು ಬರಿಗೈಯಲ್ಲಿ ಮರಳುತ್ತಾರೆ. ಅದಕ್ಕೆ ಅವರು ಕಂಡುಕೊಂಡ ದಾರಿ ಇದು: ಬೇಸಿಗೆಯಲ್ಲಿ ಕೆಲಸವಿಲ್ಲದೆ ಕೈ ಮೆತ್ತಗಾದಾಗ ಸೇವಾ ಅಂಗಡಿಗೆ ಹೋಗಿ ಹೆಬ್ಬೆಟ್ಟಿನ ಅಚ್ಚು ಕೊಟ್ಟುಬಿಡುವುದು. ಅಂಗಡಿಯವನು ಅಂಟಿನ ತೆಳು ಪೊರೆಯೊಂದನ್ನು ಮಾಡಿಟ್ಟುಕೊಂಡು, ಸುಗ್ಗಿಯ ದಿನಗಳಲ್ಲಿ ಇವರ ಪರವಾಗಿ ಒತ್ತುತ್ತಾನೆ. ‘ಹೆಬ್ಬಟ್ಟು ಬಿಟ್ಟು ಬರೋದು’ ಎಂದೇ ಅದಕ್ಕೆ ಹೆಸರು, ಚಪ್ಪಲಿ ಬಿಟ್ಟು ಬಂದಷ್ಟು ಸಲೀಸಾಗಿ.

ಮರುದಿನ ಅಫಜಲಪುರದ ರಸ್ತೆಗಿರುವ ಆ ಅಂಗಡಿಗೆ ಹೋದೆವು. ಅವನು ತಕರಾರಿಲ್ಲದೆ ಬಿಸ್ಕತ್ತಿನ ತಗಡಿನ ಡಬ್ಬಿ ತೆರೆದ. ಒಳಗೆ ಬಟ್ಟೆಯ ಪುಟ್ಟ ಗಂಟುಗಳು. ಓದಲು ಬಾರದ ಹೆಂಗಸರು ತಮ್ಮದನ್ನು ತಾವೇ ಗುರುತಿಸಲೆಂದು ಒಬ್ಬೊಬ್ಬರೂ ತಮ್ಮ ಸೀರೆಯ ಚಿಂದಿಯಲ್ಲೇ ಕಟ್ಟಿ ಕೊಟ್ಟಿದ್ದರು. ಅವ್ವ ಹಸಿರು ಚಿಂದಿಯೊಂದನ್ನು ಎತ್ತಿಕೊಂಡಳು. ಅದೇ ಸೀರೆಯನ್ನು ಉಡಿಸಿ ಆಯಿಯನ್ನು ಮಣ್ಣು ಮಾಡಿದ್ದೆವು. ಬಿಚ್ಚಿದಾಗ ಹಳದಿಗಟ್ಟಿದ ಪೊರೆ ಅಂಗೈಯ ಶಾಖಕ್ಕೆ ಮೆಲ್ಲನೆ ಮಡಚಿಕೊಂಡಿತು. ಬೆರಳು ಕರೆದಂತೆ ಕಂಡಿತು. ನಾನು ಮುಖ ತಿರುಗಿಸಿದೆ.

“ನೀವೇ ಇಟ್ಟುಕೋ ಅಂದಿದ್ರಿ, ಯಕ್ಕಾ. ನಾ ಏನು ಕದ್ದೇನಿ?” ಎಂದ ಅಂಗಡಿಯವನು.

ಡಬ್ಬಿ ಇಲ್ಲೇ ಇದ್ದರೆ ಬೇರೆಡೆ ಒತ್ತುತ್ತಿರುವುದು ಯಾವುದು ಎಂದು ಕೇಳಿದೆ. ಅವನು ಹೇಳಿದ: ಜೇವರ್ಗಿಯ ಕಡೆಯಿಂದ ಒಬ್ಬ ಬಂದಿದ್ದನಂತೆ. ಡಬ್ಬಿ ಕಳೆದರೆ ಬ್ಯಾಕಪ್ ಇರಲಿ ಎಂದು ಎಲ್ಲದರ ಪ್ರತಿಯನ್ನೂ ಮಾಡಿಕೊಂಡು ಹೋದನಂತೆ. ಹೆಸರು ಗೊತ್ತಿಲ್ಲ. ಫೋನು ಹತ್ತುತ್ತಿಲ್ಲ.

ಅವ್ವ ತನ್ನ ಗಂಟನ್ನೂ ಆಯಿಯ ಗಂಟನ್ನೂ ಸೆರಗಿಗೆ ಕಟ್ಟಿಕೊಂಡಳು. ದೂರು ಕೊಡಲು ಆಳಂದದ ತಾಲ್ಲೂಕು ಕಚೇರಿಗೆ ಹೋದೆವು. ಕಚೇರಿಯ ಗೋಡೆಯ ಮೇಲೆ ದೊಡ್ಡ ಫಲಕವಿತ್ತು: ಒಟಿಪಿ ಹೇಳಬೇಡಿ, ಅಪರಿಚಿತ ಲಿಂಕ್ ಒತ್ತಬೇಡಿ, ಪಾಸ್‌ವರ್ಡ್ ಆಗಾಗ ಬದಲಿಸಿ. ಅದರ ಕೆಳಗೆ ಕುಳಿತಿದ್ದ ಗುಮಾಸ್ತರು, ದೂರುದಾರರ ಗುರುತು ದೃಢಪಡಬೇಕೆಂದು ಯಂತ್ರವನ್ನು ಅವ್ವನ ಮುಂದೆ ಸರಿಸಿದರು. ಅವ್ವ ಹೆಬ್ಬೆಟ್ಟನ್ನು ತಲೆಗೂದಲಿಗೆ ಉಜ್ಜಿ ಒತ್ತಿದಳು. ಹೊಂದಿಕೆಯಾಗಲಿಲ್ಲ. ಒರೆಸಿ, ಮತ್ತೆ ಒತ್ತಿದಳು. ಆಗ ನನ್ನ ಕೈಯಲ್ಲಿದ್ದ ಮೊಬೈಲ್ ನಡುಗಿತು. ದೃಢೀಕರಣ ಯಶಸ್ವಿ. ಹೆಸರು ಅವ್ವನದು. ಎದುರಿನ ಯಂತ್ರದಲ್ಲಿ ಕೆಂಪು ದೀಪ ಉರಿಯುತ್ತಲೇ ಇತ್ತು.

ಗುಮಾಸ್ತರು ಅವಳ ಸೆರಗಿನ ಗಂಟನ್ನು ನೋಡಿ, ಅದೇನೆಂದು ಮೊದಲೇ ಬಲ್ಲವರಂತೆ ದನಿ ತಗ್ಗಿಸಿದರು. “ಅದರಿಂದ ಒಮ್ಮಿ ಒತ್ತಿ ನೋಡ್ರಿ. ನಿಮ್ಮ ಕೆಲಸ ಆಗ್ತದ.”

“ಇದರಿಂದ ಆದ್ರ,” ಎಂದಳು ಅವ್ವ, “ದೂರು ಯಾರು ಕೊಟ್ಟಂಗಾತ್ರಿ?”

ಅವರು ಯಂತ್ರವನ್ನು ತಮ್ಮ ಕಡೆಗೆ ಎಳೆದುಕೊಂಡರು. ನಾನು ದೂರನ್ನು ಕಾಗದದ ಮೇಲೆ ಬರೆದೆ. ಸ್ವೀಕರಿಸಿದ ಮುದ್ರೆ ಬೀಳುವವರೆಗೆ ಮೇಜು ಬಿಟ್ಟು ಕದಲಲಿಲ್ಲ. ಆ ಫಲಕದ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ. ಪಾಸ್‌ವರ್ಡ್ ಕಳೆದುಕೊಂಡವರು ಬದಲಿಸಿಕೊಳ್ಳುತ್ತಾರೆ. ಹೆಬ್ಬೆಟ್ಟು ಕಳೆದುಕೊಂಡ ಹೆಂಗಸು ಯಾವ ಬೆರಳನ್ನು ಬೆಳೆಸಿಕೊಳ್ಳಬೇಕು? ದುಡಿಯುವ ಕೈಯನ್ನು ಓದಲಾರದ ಯಂತ್ರವನ್ನು ತಂದಿಟ್ಟವರು ಯಾರು, ಅದು ಓದದಿದ್ದಾಗ ಬೇರೆ ದಾರಿ ತೆರೆಯಬೇಕಾಗಿದ್ದವರು ಯಾರು, ಜೇವರ್ಗಿಯವನು ಒತ್ತುತ್ತಿರುವ ಯಂತ್ರದ ಪರವಾನಗಿಗೆ ಸಹಿ ಹಾಕಿದವರು ಯಾರು? ಎಚ್ಚರ ವಹಿಸುವ ಹೊಣೆಯನ್ನಷ್ಟೇ ಕೂಲಿಯವಳ ತಲೆಗೆ ಕಟ್ಟಲಾಗಿದೆ. ಉತ್ತರ ಕೊಡುವ ಹೊಣೆ ಹೊತ್ತವರನ್ನು ನಾನಿನ್ನೂ ಕಂಡಿಲ್ಲ.

ಮನೆಗೆ ಬಂದು ಅವ್ವನ ಮೊಬೈಲ್‌ಗೆ ಒಟಿಪಿ ತರಿಸಿ ಅವಳ ಬೆರಳಚ್ಚಿಗೆ ಬೀಗ ಹಾಕಿದೆ. ಇನ್ನು ಅವಳಿಗೇ ಬೇಕಾದಾಗಲೂ ತೆರೆದು ಮತ್ತೆ ಮುಚ್ಚಬೇಕು. ಎರಡು ದಿನ ಮೌನ. ಆಮೇಲೆ ಬಂದದ್ದು: ದೃಢೀಕರಣ ವಿಫಲ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ವಿಫಲ, ಮತ್ತೊಮ್ಮೆ. ಎಲ್ಲೋ ಯಾರೋ ಅವ್ವನ ಹೆಬ್ಬೆಟ್ಟನ್ನು ಹಾಕಿಕೊಂಡು ಬಿಡದೆ ಒತ್ತುತ್ತಿದ್ದರು.

“ಬಾಗಲಾ ಬಡ್ಯಾಕತ್ತಾರ,” ಎಂದಳು ಅವ್ವ.

ಆಯಿಗೆ ಬೀಗ ಹಾಕಲಾಗಲಿಲ್ಲ. ಒಟಿಪಿ ಬರಬೇಕಾದದ್ದು ಅವಳ ನಂಬರಿಗೆ. ರೀಚಾರ್ಜ್ ಇಲ್ಲದೆ ಬಹಳ ಹಿಂದೆಯೇ ಅದು ಬಂದ್ ಆಗಿತ್ತು. ಆದರೂ ಒಮ್ಮೆ ಕರೆ ಮಾಡಿ ನೋಡಿದೆ. ಹತ್ತಿತು. ಆ ನಂಬರು ಈಗ ಬೇರೆ ಯಾರಿಗೋ ಹೋಗಿರಬೇಕೆಂದು ನನಗೆ ಗೊತ್ತಿತ್ತು. ಎತ್ತಿದವರು ಮಾತಾಡಲಿಲ್ಲ, ಉಸಿರು ಮಾತ್ರ ಕೇಳಿಸಿತು. ಮರಣ ಪತ್ರ ಲಗತ್ತಿಸಿ ಕಳಿಸಿದ ಅರ್ಜಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಿಟ್ಟರೆ ಬೇರೇನೂ ಬಂದಿಲ್ಲ.

ಮುಂದಿನ ಸೋಮವಾರ ಅವ್ವ ಹಸಿರು ಗಂಟನ್ನು ಆಯಿಯ ಗೋರಿಯ ಬದಿಗೆ ಒಯ್ದಳು. ಕುರ್ಪಿಯಿಂದ ಕಪ್ಪು ಮಣ್ಣು ಕೆದರಿ, ಕೈ ಬಂದು ಕೈಗೆ ಸೇರಲಿ ಎನ್ನುತ್ತ ಒಳಗಿಟ್ಟು ಮುಚ್ಚಿದಳು. ಎದ್ದು ಸೀರೆ ಕೊಡವಿಕೊಳ್ಳುತ್ತಿದ್ದಾಗ ನನ್ನ ಮೊಬೈಲ್ ನಡುಗಿತು, ಪರದೆಯ ಮೇಲೆ ಆಯಿಯ ಹೆಸರು. ಅವ್ವ ನನ್ನ ಮುಖ ನೋಡಿದಳು.

“ಬಾಗಲಾ ಬಡದದ್ದೋ, ಒಳಗ ಹೋದದ್ದೋ?”

“ಒಳಗ ಹೋಗೇದ, ಯವ್ವಾ.”

ಅವಳು ಮತ್ತೆ ಕುಳಿತು, ಮುಚ್ಚಿದ ಮಣ್ಣನ್ನು ಅಂಗೈಯಿಂದ ಇನ್ನಷ್ಟು ಗಟ್ಟಿಯಾಗಿ ತಟ್ಟತೊಡಗಿದಳು.