ಅಲಗಿನ ಬುಡದ ಉಜ್ಜಾಟ

ಚಾಂಗ್‌ವೊನ್ ನಗರದ ಟರ್ಬೈನ್ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜು ಮೋಕ್ ಸುನ್‌ಹಿಯದು. ಉಗಿಯ ರಭಸಕ್ಕೆ ತಿರುಗುವ ಅಲಗುಗಳ ಬುಡ ಚಕ್ರದ ಅಂಚಿನ ಕೊರಕಲುಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಅಲ್ಲಿ ಲೋಹಕ್ಕೆ ಲೋಹ ಎಷ್ಟು ಒತ್ತುತ್ತದೆ, ಎಷ್ಟು ಉಜ್ಜುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ. ಅತ್ತಿಗೆ ತೀರಿಕೊಂಡ ಮೇಲೆ ಅವಳು ಅಣ್ಣ ತೆಸೊಂಗ್‌ನ ಮನೆಯಲ್ಲೇ ಇದ್ದಳು. ಅವನು ಕಡಲಂಚಿನ ವಿದ್ಯುತ್ ಸ್ಥಾವರದಲ್ಲಿ, ನಮ್ಮದೇ ಟರ್ಬೈನಿನ ಪಕ್ಕ ಪಾಳಿ ಮಾಡುವವನು. ನೀನು ಹೆತ್ತ ಕೂಸನ್ನು ತೂಗುವವನು ನಾನು ಎಂದು ತಂಗಿಯನ್ನು ಚುಡಾಯಿಸುತ್ತಿದ್ದ.

ಆ ಚಳಿಗಾಲ ಬೇರೊಂದು ಸ್ಥಾವರದಲ್ಲಿ ಅದೇ ಮಾದರಿಯ ಅಲಗಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ತೆಸೊಂಗ್‌ನ ಸ್ಥಾವರದ್ದು ವಸಂತದ ದುರಸ್ತಿಯವರೆಗೆ ತಡೆಯುತ್ತದೆಯೇ ಎಂದು ಸುನ್‌ಹಿಯನ್ನು ಕೇಳಿದರು. ಘರ್ಷಣೆ ಕಡಿಮೆ ಎಂದು ಹಿಡಿದರೆ ಅಲಗು ವರ್ಷಗಟ್ಟಲೆ ಬಾಳುತ್ತಿತ್ತು. ತುಸು ಹೆಚ್ಚು ಎಂದು ಹಿಡಿದರೆ ಬಿರುಕು. ಓಡುವ ಯಂತ್ರದೊಳಗೆ, ಆ ಕಾವಿನಲ್ಲಿ, ಘರ್ಷಣೆ ಎಷ್ಟಿದೆಯೆಂದು ಅಳೆಯುವ ದಾರಿಯೇ ಇರಲಿಲ್ಲ. ಅವಳು ಎರಡೂ ಉತ್ತರ ಬರೆದುಕೊಟ್ಟಳು.

ವಿಭಾಗದ ಮುಖ್ಯಸ್ಥ, ಕು ಎಂಬವನು, ಕೆಟ್ಟವನಲ್ಲ. "ಮಧ್ಯದ್ದು ಹಿಡಿಯೋಣಮ್ಮ," ಎಂದ. "ಈ ಚಳೀಲಿ ಯಂತ್ರ ನಿಲ್ಸಿ ಅಂತ ಹೇಳಕ್ಕೆ ನಮ್ ಹತ್ರ ಏನಿದೆ?" ಮಧ್ಯದ ಅಂಕಿ ಹಿಡಿದು, ವಸಂತದವರೆಗೆ ಓಡಿಸಬಹುದೆಂದು ವರದಿ ಹೋಯಿತು.

ಅಣ್ಣ ಪಾಳಿಗೆ ಹೊರಟು ಬೂಟು ಹಾಕಿಕೊಳ್ಳುತ್ತಿದ್ದಾಗ ಎಲ್ಲ ಹೇಳಿದಳಂತೆ.

"ಮುರಿಯತ್ತಾ, ಇಲ್ವಾ? ಒಂದ್ ಮಾತಲ್ಲಿ ಹೇಳೇ."

"ಗೊತ್ತಿಲ್ಲ ಅಣ್ಣ."

"ಇಷ್ಟ್ ಓದಿ ಗೊತ್ತಿಲ್ಲ ಅಂತೀಯಲ್ಲೇ. ತಂಗಿಗೆ ಗೊತ್ತಿಲ್ವಂತೆ ಅಂತ ನಾನ್ ರಜಾ ಹಾಕಕ್ಕಾಗತ್ತಾ?"

ನಗುತ್ತಲೇ ಹೋದ.

ಚಳಿ ಇಳಿಯುವ ಮುಂಚೆಯೇ ಒಂದು ಅಲಗು ಬುಡ ಮುರಿದು ಕಿತ್ತುಬಂತು. ಯಂತ್ರದ ಹೊರಕವಚ ಅದನ್ನು ತಡೆಯಿತು. ಆದರೆ ಅದುರಾಟಕ್ಕೆ ಎಣ್ಣೆಯ ಕೊಳವೆ ಸೀಳಿ ಬೆಂಕಿ ಹತ್ತಿಕೊಂಡಿತು. ಕೊಳವೆಯ ವಾಲ್ವ್ ಮುಚ್ಚಲು ಹೋದ ತೆಸೊಂಗ್ ಜೀವಂತ ಹೊರಬಂದ; ಬೆಂದ ಕೈಗಳ ಬೆರಳುಗಳನ್ನು ಮತ್ತೆ ಮಡಚಲಾಗಲಿಲ್ಲ.

ವಿಚಾರಣೆಯವರು ಮುರಿದ ಬುಡವನ್ನು ನಮ್ಮಲ್ಲಿಗೇ ತಂದರು. ಲೋಹಕ್ಕೆ ಲೋಹ ಉಜ್ಜಿದ್ದ ಮೇಲ್ಮೈಯೆಲ್ಲ ಕಿತ್ತುಹೋಗಿತ್ತು. ಘರ್ಷಣೆ ಎಷ್ಟಿತ್ತೆಂದು ಆಗಲೂ ತಿಳಿಯಲಿಲ್ಲ. ಸುನ್‌ಹಿ ವಾರಗಟ್ಟಲೆ ಲೆಕ್ಕ ಓಡಿಸಿದಳು. ಒಂದು ಅಂಕಿಗೆ ಅಲಗು ಮುರಿಯುತ್ತಿತ್ತು, ಅದರ ಪಕ್ಕದ ಅಂಕಿಗೆ ಉಳಿಯುತ್ತಿತ್ತು. ಯಾರ ತಪ್ಪೂ ಇಲ್ಲವೆಂದು ತೀರ್ಮಾನವಾಯಿತು.

"ಯಾರಾದ್ರೂ ಬೈದಿದ್ರೆ ಚೆನ್ನಾಗಿತ್ತು," ಎಂದಳು ನನಗೆ.

ಈಗ ಬೆಳಿಗ್ಗೆ ಅಣ್ಣನಿಗೆ ಅನ್ನ ತಿನ್ನಿಸಿಯೇ ಕೆಲಸಕ್ಕೆ ಬರುತ್ತಾಳೆ. ಅವನೂ ಬೈಯುವುದಿಲ್ಲ. ಬಿಸಿ ಜಾಸ್ತಿ, ಊದು ಎನ್ನುತ್ತಾನಂತೆ. ಊದುತ್ತಾಳೆ.