ಅಟ್ಟದ ಕಾಯಿ, ಸೋರುವ ಕಿವಿ

ನಾನು ತಿಪಟೂರಿನಲ್ಲಿ ಕಿವಿ ಡಾಕ್ಟರಾಗಿದ್ದಾಗ ಕೊಬ್ಬರಿ ವ್ಯಾಪಾರಿ ಸಿದ್ದಪ್ಪನವರ ಸೋರುವ ಕಿವಿಗೆ ಆಪರೇಷನ್ ಮಾಡಬೇಕಾಯಿತು.

"ಎರಡು ದಾರಿ ಇದೆ. ಕಿವಿಯೊಳಗಿನ ಮೂಳೆಯ ಗೋಡೆ ಒಡೆದರೆ ರೋಗವೆಲ್ಲ ಕಣ್ಣಿಗೆ ಕಾಣುತ್ತೆ, ಆದರೆ ಜೀವಮಾನವೆಲ್ಲ ಕ್ಲೀನ್ ಮಾಡಿಸ್ತಿರಬೇಕು. ಗೋಡೆ ಉಳಿಸಿದರೆ, ರೋಗ ಉಳಿದಿದೆಯಾ ಅಂತ ವರ್ಷ ಬಿಟ್ಟು ಮತ್ತೆ ಬಿಚ್ಚಿ ನೋಡಬೇಕು," ಎಂದೆ.

"ಬಿಚ್ಚೋದ್ಯಾಕೆ? ಅಟ್ಟದಲ್ಲಿ ವರ್ಷ ಒಣಗಿದ ಕಾಯಿನ ನಾವು ಒಡೆದು ನೋಡ್ತೀವಾ? ಕಿವಿ ಹತ್ರ ಅಲ್ಲಾಡಿಸ್ತೀವಿ, ಒಳಗೆ ಕೊಬ್ಬರಿ ಲೊಡಲೊಡ ಅಂದ್ರೆ ಆಯ್ತು ಕಣ್ರೀ," ಎಂದು ಚೀಲದಿಂದ ಒಂದು ಒಣಗಿದ ಕಾಯಿ ತೆಗೆದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. "ಕೇಳುಸ್ತಾ?"

ನನಗೇನೂ ಕೇಳಿಸಲಿಲ್ಲ. ಹಾಗೇ ಹೇಳಿದೆ.

ಅವರು ಕನಿಕರದಿಂದ ನೋಡಿದರು. "ಹಂಗಾರೆ ಗೋಡೆ ಒಡೆದ್ಬುಡಿ ಡಾಕ್ಟ್ರೇ. ನೀವು ಕಣ್ಣಲ್ಲಿ ನೋಡಿ ಮಾಡೋದೇ ವಾಸಿ."

ನಾನು ಓದಿದ ಪುಸ್ತಕದಲ್ಲೂ ಅದೇ ವಾಸಿ ಎಂದಿತ್ತು. ಕಾರಣ ಮಾತ್ರ ಬೇರೆ.